ಲಾಭದಿಂದ ಎಣಿಸಿದ ತಿಂಗಳು

ಜತ್ತ ತಾಲೂಕಿನಲ್ಲಿ ಸೂರ್ಯ ಹುಟ್ಟುವ ಮೊದಲು ಉಟಗಿಯ ಸಿದ್ದಾರೂಢನ ಅಂಗಡಿಯ ಕಡೆ ಒಮ್ಮೆ ಹಣಿಕಿ ನೋಡಿ, ಏಳಲೇನ್ರಿ ಸಾಹೇಬ್ರ ಎಂದು ಕೇಳಿಯೇ ಏಳುತ್ತಿದ್ದ. ಒಂದು ಸಲ ಸಿದ್ದಾರೂಢನಿಗೆ ಥಂಡಿಜ್ವರ ಬಂದು ಬಾಗಿಲು ತೆಗೆಯಲಾಗಲಿಲ್ಲ. ಅಂದು ವಳಸಂಗದವರೆಗಿನ ಹುಂಜಗಳೆಲ್ಲ ಮಧ್ಯಾಹ್ನದ ತನಕ ಬಾಯಿ ಕಟ್ಟಿಕೊಂಡು ಕುಳಿತಿದ್ದವು. ಸುಳ್ಳು ಅನ್ನುವವರು ಹೋಗಿ ಆ ಹುಂಜಗಳನ್ನೇ ಕೇಳಬಹುದಿತ್ತು. ಆದರೆ ಅವನ್ನು ಅಷ್ಟರಲ್ಲಿ ಯಾರೋ ಸಾರು ಮಾಡಿ ತಿಂದಿದ್ದರು.

ಹೀಗೆಂದು ಊರಿಗೆಲ್ಲ ಹೇಳಿಕೊಂಡು ಬಂದವನು ಮತ್ಯಾರೂ ಅಲ್ಲ, ಸಿದ್ದಾರೂಢನೇ. ಬಸ್ಸು ನಿಲ್ಲುವ ಕಟ್ಟೆಯ ಎದುರು ಅವನ ಅಂಗಡಿ. ಸುಟ್ಟ ಮೋಟಾರಿಗೆ ತಂತಿ ಸುತ್ತುವುದು, ಸತ್ತ ಮೊಬೈಲಿಗೆ ಜೀವ ತುಂಬುವುದು ಅವನ ಕಸುಬು. ಮಿರಜದಲ್ಲಿ ಎರಡು ವರ್ಷ ಓದಿ, ಮೂರನೆಯ ವರ್ಷ ತಾನೇ ಕಲಿಸಬೇಕಾಗಿ ಬಂದೀತೆಂದು ಮಾಸ್ತರರ ಮೇಲೆ ದಯೆ ಬಂದು ಬಿಟ್ಟುಬಂದನಂತೆ. ಕನ್ನಡ, ಮರಾಠಿಯ ಜತೆಗೆ ಸಿ ಎಂಬ ಕಂಪ್ಯೂಟರಿನ ಭಾಷೆಯೂ ಅವನಿಗೆ ಬರುತ್ತಿತ್ತು. ಮೊದಲಿನ ಎರಡರಲ್ಲಿ ಎಷ್ಟು ಬೇಕಾದರೂ ಸುಳ್ಳು ಹೇಳಬಹುದು, ಮೂರನೆಯದರಲ್ಲಿ ದಕ್ಕುವುದಿಲ್ಲ, ಅದಕ್ಕೇ ಸಿದ್ಯಾ ಅದನ್ನು ಕಡಿಮೆ ಆಡುತ್ತಾನೆ ಎಂದು ಚಹಾದಂಗಡಿಯ ಗೆಳೆಯರು ನಗುತ್ತಿದ್ದರು.

ಆ ಮೂರನೆಯ ಭಾಷೆಯಲ್ಲಿ ಅವನು ಒಂದು ಭೋಂಗಾ ಮಾಡಿದ. ಕೂಗಿದರೆ ಮೂರು ಊರಿಗೆ ಕೇಳುವಂಥ ಸೈರನ್ನು. ಅವನ ಲೆಕ್ಕದಲ್ಲಿ ಅದು ಮೂರು ಜಿಲ್ಲೆಗೆ ಕೇಳುತ್ತಿತ್ತು, ವಿಜಯಪುರದಲ್ಲಿ ತೊಟ್ಟಿಲ ಮಕ್ಕಳು ಎದ್ದು ಅಳುತ್ತಿದ್ದವು.

ಭೋಂಗಾ ಬೇಕಾದದ್ದು ಕರಿಗುಡ್ಡದ ಕಲ್ಲಿನ ಖಾಣಿಗೆ. ಅಲ್ಲಿ ದಿನಾ ಮಧ್ಯಾಹ್ನ ಊಟದ ಹೊತ್ತಿಗೆ ಬಂಡೆಗೆ ಮದ್ದು ಹಾರಿಸುತ್ತಾರೆ. ಗುರುವಾರ ಖಾಣಿಗೆ ಸೂಟಿ, ಅಂದು ಕೆಲಸವಿಲ್ಲ. ಗುಡ್ಡದ ಆಚೆಯ ಇಳಿಜಾರಿನಲ್ಲಿ, ಖಾಣಿಯ ಕೆಳಗೇ, ಬೇಸಗೆಯಲ್ಲೂ ಒಂದಿಷ್ಟು ಹಸಿರು ಉಳಿಯುವ ತಗ್ಗಿದೆ. ಅಲ್ಲಿಗೆ ಲಗಮಣ್ಣ ಕುರಿ ಹೊಡೆದುಕೊಂಡು ಬರುತ್ತಾನೆ. ಮದ್ದು ಹಾರಿದಾಗ ಕೊಡದಷ್ಟು ದೊಡ್ಡ ಕಲ್ಲುಗಳು ಆ ತಗ್ಗಿಗೇ ಬಂದು ಬೀಳುತ್ತವೆ. ಮೊದಲು ಖಾಣಿಯ ಮುಕಾದಮ ದಶರಥ ಒಬ್ಬ ಆಳನ್ನು ಕೆಂಪು ಬಟ್ಟೆ ಕೊಟ್ಟು ಎದುರಿನ ದಿಬ್ಬಕ್ಕೆ ಕಳಿಸುತ್ತಿದ್ದ. ಲಗಮಣ್ಣನ ಹೆಂಡತಿ ಸಾವಿತ್ರವ್ವ ರೊಟ್ಟಿಯ ಗಂಟು ಹೊತ್ತು ಬಂದವಳು ಆ ಬಟ್ಟೆಯ ಕಡೆ ಕಣ್ಣಿಟ್ಟು ನಿಂತಿರುತ್ತಿದ್ದಳು. ಬಟ್ಟೆ ಆಡಿತೋ, ಗಂಡನನ್ನು ಕೂಗುತ್ತಿದ್ದಳು. ಕುರಿ ದಿಬ್ಬ ಹತ್ತುತ್ತಿದ್ದವು.

ಮನುಷ್ಯನ ಕಣ್ಣಿಗೆ ನಿದ್ದೆ ಬರುತ್ತದೆ, ನನ್ನ ಭೋಂಗಾಕ್ಕೆ ಬರುವುದಿಲ್ಲ ಎಂದು ಸಿದ್ದಾರೂಢ ದಶರಥನ ತಲೆ ತಿಂದ. ಮದ್ದಿಗೆ ಸ್ವಲ್ಪ ಮೊದಲು ತಾನೇ ಕೂಗುತ್ತದೆ, ಗುರುವಾರ ತಾನೇ ಸುಮ್ಮನಿರುತ್ತದೆ. ಸೂಟಿಯ ದಿನ ಸುಮ್ಮಸುಮ್ಮನೆ ಕೂಗಿದರೆ ಜನ ಕೇಳುವುದನ್ನೇ ಬಿಡುತ್ತಾರೆ, ಅದು ತನಗೆ ಚೆನ್ನಾಗಿ ಗೊತ್ತು ಎಂದ. ಯಾಕೆ ಗೊತ್ತೆಂದು ಯಾರೂ ಕೇಳಲಿಲ್ಲ. ಒಂದು ಒತ್ತುಗುಂಡಿಯನ್ನಾದರೂ ಇಡು, ಬೇಕಾದಾಗ ಕೈಯಿಂದ ಕೂಗಿಸಲಿಕ್ಕೆ ಬರಲಿ ಎಂದು ದಶರಥ ಕೇಳಿದ್ದುಂಟು. ಕೈ ತಾಗಿದರೆ ಯಂತ್ರಕ್ಕೆ ಮೈಲಿಗೆ ಎಂದು ಸಿದ್ದಾರೂಢ ಅದನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿದ.

ತಗ್ಗಿನ ಮೇಲಿನ ಕಂಬಕ್ಕೆ ಭೋಂಗಾ ಏರಿಸುವ ದಿನ ಸಾವಿತ್ರವ್ವ ಬಂದು ಸೊಂಟಕ್ಕೆ ಕೈಕೊಟ್ಟು ನಿಂತಳು.

"ಇವತ್ತ ಗುರುವಾರ ಅಂತ ಅದಕ್ಕ ಹ್ಯಾಂಗ ತಿಳೀತದೋ ತಮ್ಮಾ? ಅದಕೇನ ಮಠಕ್ಕ ಹೋಗೂದದ?"

"ಕಾಕು, ಅದಕ್ಕ ಹುಟ್ಟಿಲ್ಲದ ಗುರುವಾರಾನೂ ಗೊತ್ತದ. ನಿನ್ನ ಮರಿಮೊಮ್ಮಗನ ಮದವಿ ಯಾವ ವಾರ ಅಂತ ಕೇಳು, ಹೇಳ್ತದ."

"ಮದವಿ ಇರಲಿ. ನನ್ನ ಗಂಡ ಇದರ ಕೆಳಗ ಕುರಿ ಕಾಯಾಂವ. ಆಣಿ ಮಾಡಿ ಹೇಳು, ನಂಬಲೇನು?"

ಸಿದ್ದಾರೂಢ ಆಣೆ ಮಾಡಿದ. ಒಂದಲ್ಲ, ನೆನಪಿಗೆ ಬಂದ ದೇವರ ಮೇಲೆಲ್ಲ ಮಾಡಿದ. ಮರುದಿನದಿಂದ ಕೆಂಪು ಬಟ್ಟೆಯ ಆಳನ್ನು ದಶರಥ ಕಲ್ಲು ತುಂಬಲು ಹಚ್ಚಿದ. ಸಾವಿತ್ರವ್ವ ದಿಬ್ಬದ ಮೇಲೆ ನಿಲ್ಲುವುದನ್ನು ಬಿಟ್ಟು ಗಂಡನ ಜೊತೆ ಬಂಡೆಯ ನೆರಳಿನಲ್ಲೇ ಕೂತು ಉಣ್ಣತೊಡಗಿದಳು.

ಫೆಬ್ರುವರಿ ತಿಂಗಳು ಪೂರ್ತಿ ಭೋಂಗಾ ಒಂದು ದಿನವೂ ತಪ್ಪಲಿಲ್ಲ. ದಿನಾ ಕೂಗಿತು. ನಾಲ್ಕು ಗುರುವಾರ ಬಂದವು, ನಾಲ್ಕಕ್ಕೂ ಬಾಯಿ ಮುಚ್ಚಿಕೊಂಡಿತು. ಎರಡನೆಯ ಗುರುವಾರ ಜನ ಬೇಕೆಂದೇ ಗುಡ್ಡಕ್ಕೆ ಹೋಗಿ ಅದು ಸುಮ್ಮನಿರುವುದನ್ನು ಕೇಳಿ ಬಂದರು. ಲಗಮಣ್ಣನಂತೂ ಕುರಿಗಳಿಗೂ ವಾರ ತಿಳಿಯತೊಡಗಿದೆ ಎಂದ. ಸಿದ್ದಾರೂಢ ಎಷ್ಟು ಉಬ್ಬಿದನೆಂದರೆ ಅಂಗಡಿಯ ಬಾಗಿಲಲ್ಲಿ ಅಡ್ಡಡ್ಡ ಹೊರಳಿ ಒಳಗೆ ಹೋಗಬೇಕಾಗುತ್ತಿತ್ತು.

ಮಾರ್ಚ್ ಎರಡು, ಸೋಮವಾರ. ಬೆಳಿಗ್ಗೆಯಿಂದಲೇ ಗಾಳಿ ನಿಂತಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ತೆಂಕಣ ದಿಕ್ಕಿಗೆ ಒಂದು ಕಪ್ಪು ಮೋಡ ಎದ್ದು, ಹೆಂಚಿನ ಮಸಿಯಂತೆ ಮುಗಿಲಿಗೆ ಅಂಟಿಕೊಂಡಿತ್ತು. ಡಫಳಾಪುರದಿಂದ ಧನಾಜಿ ಎಂಬ, ಕಲ್ಲು ಒಡೆದು ಜಲ್ಲಿ ಮಾಡುವ ಖಡಿ ಮಶೀನಿನ ಮಾಲಕ ತನಗೂ ಅಂಥದೇ ಒಂದು ಭೋಂಗಾ ಬೇಕೆಂದು ಬಂದಿದ್ದ. ಸಿದ್ದಾರೂಢ ಅವನನ್ನು ಸ್ಟೂಲಿನ ಮೇಲೆ ಕೂಡಿಸಿ, ಕರಿಗುಡ್ಡದ ಭೋಂಗಾದ ಅವಳಿಯನ್ನು ಕಪಾಟಿನಿಂದ ಇಳಿಸಿದ. ಅದೇ ತಂತಿ, ಅದೇ ಗಡಿಯಾರ, ಒಳಗೆ ಅದೇ ಪ್ರೋಗ್ರಾಮು. ಇನ್ನೊಂದು ನಿಮಿಷಕ್ಕೆ ಕೂಗಲೆಂದು ಹೊತ್ತು ಇಟ್ಟು, ಧನಾಜಿಗೆ ಕಿವಿಯಲ್ಲಿ ಅರಳೆ ಇಟ್ಟುಕೊಳ್ಳಲು ಹೇಳಿದ. ಹೋದ ವಾರ ಅರಳೆ ಇಲ್ಲದೆ ಕೇಳಿದ ಒಂದು ಎಮ್ಮೆ ಇನ್ನೂ ಮೊಸರನ್ನೇ ಕರೆಯುತ್ತಿದೆ ಎಂದೂ ಸೇರಿಸಿದ.

ನಿಮಿಷ ಕಳೆಯಿತು. ಇನ್ನೊಂದು ಕಳೆಯಿತು. ಪೆಟ್ಟಿಗೆ ಸುಮ್ಮನಿತ್ತು.

ಧನಾಜಿ ಅರಳೆ ತೆಗೆದು, ಬಗ್ಗಿ ಪೆಟ್ಟಿಗೆಯ ಪುಟ್ಟ ಪರದೆಯನ್ನು ನೋಡಿದ. ಅಲ್ಲಿ ಗುರುವಾರ ಎಂದಿತ್ತು.

"ಇವತ್ತ ಸೋಮವಾರ ಅಲ್ಲೇನ್ರಿ?"

ಸಿದ್ದಾರೂಢನ ಬಾಯಿ ಅವನನ್ನು ಕೇಳದೆಯೇ ಉತ್ತರ ಕೊಟ್ಟಿತು. ಇದು ಪರದೇಶಕ್ಕೆ ಕಳಿಸಲು ಮಾಡಿದ ಪೆಟ್ಟಿಗೆ, ಅಲ್ಲಿ ವಾರಗಳು ನಮಗಿಂತ ಮುಂದೆ ಓಡುತ್ತವೆ. ಧನಾಜಿ ಎದ್ದು ಧೋತರ ಝಾಡಿಸಿಕೊಂಡ.

"ಹಂಗಾದ್ರ ಇದನ್ನ ನಂಬಿದಾಂವ ವಾರದಾಗ ಒಮ್ಮೆ ಸಾಯಬೇಕ್ರಿ," ಎಂದು ನಗುತ್ತ ಹೋದ.

ನಗು ಕಟ್ಟೆಯ ಆಚೆಗೆ ಹೋಗಿ ಆರಿತು. ಸಿದ್ದಾರೂಢ ಸ್ಟೂಲನ್ನು ತನ್ನ ಕಡೆಗೆ ಎಳೆದುಕೊಂಡ. ಲ್ಯಾಪ್‌ಟಾಪು ತೆರೆದು ತಾನು ಬರೆದದ್ದನ್ನು ಮೊದಲಿನಿಂದ ಓದಿದ.

ಸಿ ಭಾಷೆಯಲ್ಲಿ ತಾರೀಖು ಎಂದರೆ ಸಾಲಾಗಿ ಇಟ್ಟ ಖಾನೆಗಳು: ದಿನಕ್ಕೊಂದು, ತಿಂಗಳಿಗೊಂದು, ವರ್ಷಕ್ಕೊಂದು, ಗಂಟೆಗೊಂದು. ಅವನ್ನು ತುಂಬಿ ಎಂಕೆಟೈಮ್ ಎಂಬ ಕೆಲಸಗಾರನ ಕೈಗೆ ಕೊಟ್ಟರೆ ಅವನು ಎಲ್ಲವನ್ನೂ ಸೆಕೆಂಡುಗಳಾಗಿ ಕರಗಿಸಿ, ಅದು ಯಾವ ವಾರ ಎಂಬ ಖಾನೆಯನ್ನು ತಾನೇ ತುಂಬಿಕೊಡುತ್ತಾನೆ. ಭಾರಿ ವಿಧೇಯ ಕೆಲಸಗಾರ. ಫೆಬ್ರುವರಿ ಮೂವತ್ತು ಎಂದು ಕೊಟ್ಟರೂ ಯಾಕೆ ಎನ್ನುವುದಿಲ್ಲ, ಮೆಲ್ಲಗೆ ಮಾರ್ಚಿಗೆ ಸರಿಸಿಕೊಂಡು ಮುಂದೆ ನಡೆಯುತ್ತಾನೆ. ತಪ್ಪು ಕೊಟ್ಟವನನ್ನು ಒಂದು ಮಾತೂ ಅನ್ನುವುದಿಲ್ಲ. ಅವನಲ್ಲಿ ಹೆದರಬೇಕಾದದ್ದು ಅದಕ್ಕೇ.

ಆ ಭಾಷೆಯಲ್ಲಿ ತಿಂಗಳ ಖಾನೆಯ ಎಣಿಕೆ ಸೊನ್ನೆಯಿಂದ ಶುರು. ಜನವರಿ ಎಂದರೆ ಸೊನ್ನೆ, ಫೆಬ್ರುವರಿ ಒಂದು, ಮಾರ್ಚ್ ಎರಡು. ಗಡಿಯಾರ ಮೂರು ಎಂದು ಕೊಟ್ಟ ಮಾರ್ಚಿನಿಂದ ಒಂದನ್ನು ಕಳೆದು ಖಾನೆಗೆ ಹಾಕಬೇಕು. ಸಿದ್ದಾರೂಢ ಕಳೆದಿರಲಿಲ್ಲ. ಮರೆತು ಅಲ್ಲ, ತಿಳಿದೇ, ಹೆಮ್ಮೆಯಿಂದಲೇ ಕಳೆದಿರಲಿಲ್ಲ. ಮಿರಜದಲ್ಲಿ ಸೊನ್ನೆಯಿಂದ ಎಣಿಸುವುದೆಂದು ಮಾಸ್ತರರು ಹೇಳಿದಾಗ ಉಳಿದವರೆಲ್ಲ ಕಣ್ಣು ಪಿಳಿಪಿಳಿ ಬಿಟ್ಟರೆ, ಇವನೊಬ್ಬ ನಕ್ಕಿದ್ದ. ಇದರಲ್ಲಿ ಹೊಸದೇನು? ತನ್ನಪ್ಪ ಕಣದಲ್ಲಿ ಜೋಳದ ರಾಶಿ ಅಳೆಯುವಾಗ ಮೊದಲ ಸೇರಿಗೆ ಒಂದು ಅನ್ನುತ್ತಿರಲಿಲ್ಲ. ಲಕ್ಷ್ಮಿಯ ಮುಂದೆ ಒಂಟಿ ಅಂಕಿ ಆಡಬಾರದೆಂದು ಲಾಭ ಅನ್ನುತ್ತಿದ್ದ. ಲಾಭ, ಎರಡು, ಮೂರು. ಕಂಪ್ಯೂಟರಿನವರೂ ಮೊದಲನೆಯದಕ್ಕೆ ಮರ್ಯಾದೆಯಿಂದ ಸೊನ್ನೆ ಎಂದು ಹೆಸರಿಟ್ಟಿದ್ದಾರೆ ಅಷ್ಟೇ ಎಂದುಕೊಂಡ. ಜನವರಿ ಲಾಭ, ಫೆಬ್ರುವರಿ ಎರಡು, ಮಾರ್ಚ್ ಮೂರು. ಕಳೆಯುವುದೇನು ಬಂತು?

ಆದರೆ ಕಣದಲ್ಲಿ ಲಾಭ ಎಂದ ಸೇರೂ ಚೀಲಕ್ಕೆ ಬೀಳುತ್ತದೆ. ಸೊನ್ನೆ ಎಂದದ್ದು ಯಾವ ಚೀಲಕ್ಕೂ ಬೀಳುವುದಿಲ್ಲ.

ಹೀಗಾಗಿ ಅವನ ಭೋಂಗಾ ಮೊದಲ ದಿನದಿಂದಲೂ ಒಂದು ತಿಂಗಳು ಮುಂದೆ ಬದುಕುತ್ತಿತ್ತು. ಫೆಬ್ರುವರಿಯಿಡೀ ತಾನು ಮಾರ್ಚಿನಲ್ಲಿದ್ದೇನೆಂದು ತಿಳಿದಿತ್ತು. ಆ ಫೆಬ್ರುವರಿಗೆ ಸರಿಯಾಗಿ ನಾಲ್ಕು ವಾರ. ಅದು ರವಿವಾರ ಶುರುವಾದರೆ ಮಾರ್ಚೂ ರವಿವಾರವೇ ಶುರು. ಎರಡು ತಿಂಗಳ ವಾರಗಳೂ ಒಂದರ ಮೇಲೊಂದು ಕೂತು, ತಪ್ಪು ಸರಿಯ ವೇಷ ಹಾಕಿಕೊಂಡು ನಾಲ್ಕು ವಾರ ಎಲ್ಲರ ಕಣ್ಣೆದುರು ಓಡಾಡಿತು. ಈಗ ಊರಿಗೆ ಮಾರ್ಚ್ ಬಂದಿತ್ತು, ಭೋಂಗಾ ಏಪ್ರಿಲಿಗೆ ದಾಟಿತ್ತು. ಏಪ್ರಿಲ್ ಎರಡು ಗುರುವಾರ. ಗುರುವಾರ ಅದು ಕೂಗುವುದಿಲ್ಲ.

ಇಂದು ಸೋಮವಾರ. ಖಾಣಿಯಲ್ಲಿ ಮದ್ದು ತುಂಬಿರುತ್ತಾರೆ. ತಗ್ಗಿನಲ್ಲಿ ಲಗಮಣ್ಣನಿರುತ್ತಾನೆ, ಈ ಹೊತ್ತಿಗೆ ಸಾವಿತ್ರವ್ವನೂ ಬಂದು ಸೇರಿರುತ್ತಾಳೆ.

ಲಗಮಣ್ಣನಿಗೆ ಫೋನು ಹಚ್ಚಲು ಹೋದ. ಪಕ್ಕದ ಡಬ್ಬಿಯಲ್ಲೇ ಅದು ಗುಂಯ್ ಎಂದಿತು. ರಿಪೇರಿಗೆ ಬಂದು ಎಂಟು ದಿನವಾಗಿತ್ತು, ನಾಳೆ ಕೊಡ್ತೀನಿ ಎಂದು ದಿನಾ ಹೇಳಿದ್ದ. ದಶರಥನಿಗೆ ಹಚ್ಚಿದ; ಬಂದ್ ಇತ್ತು. ಮದ್ದಿಗೆ ತಂತಿ ಜೋಡಿಸುವಾಗ ಖಾಣಿಯಲ್ಲಿ ಎಲ್ಲರ ಫೋನನ್ನೂ ಬಂದ್ ಮಾಡಿ ದೂರದ ಡಬ್ಬಿಯಲ್ಲಿ ಇಡಿಸುತ್ತಾರೆ. ಸಿದ್ದಾರೂಢ ಅಂಗಡಿಯನ್ನು ತೆರೆದಿದ್ದಂತೆಯೇ ಬಿಟ್ಟು ಮೋಟರಸೈಕಲ್ಲಿಗೆ ಒದ್ದ. ಕಬ್ಬಿಣದ ಪೆಟ್ಟಿಗೆಯ ಬೀಗದ ಕೈ ಅಂಗಡಿಯ ಮೊಳೆಗೇ ತೂಗುತ್ತಿದೆ ಎಂದು ನೆನಪಾದದ್ದು ಅರ್ಧ ದಾರಿಯಲ್ಲಿ.

ದಾರಿಯಲ್ಲಿ ಒಂದು ಹಕ್ಕಿಯೂ ಕೂಗಲಿಲ್ಲ. ಮೋಡ ಗುಡ್ಡದ ತಲೆಯ ಮೇಲೆ ಬಂದು ಕುಳಿತಿತ್ತು. ಖಡಿ ಮಶೀನಿನ ಸದ್ದು ದೂರದಿಂದಲೇ ನೆಲದೊಳಗೆ ಇಳಿದು ಗಾಲಿಯ ಮೂಲಕ ಹಲ್ಲಿಗೆ ಏರುತ್ತಿತ್ತು. ಆ ಸದ್ದಿನಲ್ಲಿ ಖಾಣಿಯವರಿಗೆ ಆಚೆ ಬದಿಯ ಭೋಂಗಾ ಎಂದೂ ಕೇಳಿಸಿದ್ದಿಲ್ಲ. ನೀವು ಕೇಳುವ ಜರೂರಿಲ್ಲ, ಕೈಗಡಿಯಾರ ನೋಡಿ ಮದ್ದು ಹಾರಿಸಿ, ಭೋಂಗಾದ ಹೊಣೆ ನನಗಿರಲಿ ಎಂದು ಹೇಳಿದವನು ಇವನೇ.

ದಶರಥ ತಗಡಿನ ಮರೆಯಲ್ಲಿ ಕುಳಿತಿದ್ದ. ಎದುರಿಗೆ ಮದ್ದು ಹಾರಿಸುವ ಪೆಟ್ಟಿಗೆ, ಅದರಿಂದ ಹೊರಟ ಎರಡು ತಂತಿ ಹಾವಿನ ಹಾಗೆ ಬಂಡೆಯ ಕಡೆ ಹರಿದಿದ್ದವು. ಸಿದ್ದಾರೂಢ ಏದುಸಿರು ಬಿಡುತ್ತ, ಇವತ್ತು ಮದ್ದು ಹಾರಿಸಬೇಡ ಅಂದ. ಯಾಕೆಂದು ದಶರಥ ಕೇಳಿದ. ನನ್ನ ಯಂತ್ರ ತಪ್ಪಿದೆ ಎನ್ನಬೇಕಿತ್ತು. ಬದಲಿಗೆ ಹೊರಬಿದ್ದದ್ದು ಕಲೆಕ್ಟರ್ ಸಾಹೇಬರು ದಾರಿಯಲ್ಲಿದ್ದಾರೆ, ಹದಿನೆಂಟು ಗಾಡಿ ಹಿಂದಿವೆ ಎಂಬ ಮಾತು.

ದಶರಥ ತಲೆ ಎತ್ತದೆ, ಸಾಹೇಬರಿಗೆ ಚಹಾ ಇಡಿಸಲೇನು ಎಂದ. ಮುಗಿಲು ಗುಡುಗುವ ಮೊದಲು ಮದ್ದು ಹಾರಿಸಲೇಬೇಕಿತ್ತು. ಸಿಡಿಲಿಗೆ ತಂತಿ ಕಾದರೆ ಮದ್ದು ಯಾರ ಕೈಯನ್ನೂ ಕಾಯುವುದಿಲ್ಲ. ಅವನು ಪೆಟ್ಟಿಗೆಯ ಹಿಡಿಯ ಮೇಲೆ ಕೈ ಇಟ್ಟ. ಸಿದ್ದಾರೂಢ ಅವನ ಮಣಿಕಟ್ಟು ಹಿಡಿದ. ಅಷ್ಟರಲ್ಲಿ ಊಟಕ್ಕೆಂದು ಖಡಿ ಮಶೀನು ನಿಂತಿತು.

ಗುಡ್ಡ ಒಮ್ಮೆಲೇ ಬರಿದಾಯಿತು. ಆ ಬರಿದಿನಲ್ಲಿ ಆಚೆಯ ತಗ್ಗಿನಿಂದ ಕುರಿಗಳ ಕೊರಳ ಗಂಟೆಯ ಸದ್ದು ಬಂತು. ಸಾವಕಾಶವಾಗಿ, ಮೇಯುವ ಕುರಿಯ ಗಂಟೆ. ಎಲ್ಲಿಗೂ ಹೊರಡದ ಕುರಿಯ ಗಂಟೆ.

ದಶರಥ ಕೈಗಡಿಯಾರ ನೋಡಿದ. ಭೋಂಗಾ ಕೂಗುವ ಹೊತ್ತು ಆಗಲೇ ದಾಟಿತ್ತು. ಅವನು ಸಿದ್ದಾರೂಢನ ಕಡೆ ತಿರುಗಿದ.

"ಭೋಂಗಾ ಆಗೇದೇನೋ?"

ದಶರಥ ಹಿಡಿಯಿಂದ ಒಂದೊಂದೇ ಬೆರಳು ಬಿಡಿಸಿ, ತಂತಿಗಳನ್ನು ಪೆಟ್ಟಿಗೆಯಿಂದ ಕಿತ್ತ.

"ನನ್ನ ಕೈ ಹಿಡದೀನಿ. ಮುಗಲಿನ ಕೈ ಹಿಡಿಯಾಕ ನನಗ ಬರಂಗಿಲ್ಲ. ತುಂಬಿದ ಮದ್ದು ಹೊರಗ ತಗಿಯಾಕೂ ಬರಂಗಿಲ್ಲ. ಓಡು. ಅವರನ್ನ ಎಬ್ಬಸು."

ಬಂಡೆಯ ಬದಿಯ ಕಾಲುದಾರಿಯಲ್ಲಿ ಸಿದ್ದಾರೂಢ ಇಳಿದ. ಮೇಲೆ, ಕೈಯಳತೆಯಲ್ಲೇ, ಮದ್ದು ನುಂಗಿ ಕೂತ ತೂತುಗಳಿದ್ದವು. ತೆಂಕಣದಲ್ಲಿ ಮೊದಲ ಗುಡುಗು ಉರುಳಿತು, ದೂರದಲ್ಲಿ ಯಾರೋ ಖಾಲಿ ಪೀಪಾಯಿ ಹೊರಳಿಸಿದ ಹಾಗೆ. ಸಾವಿತ್ರವ್ವ ರೊಟ್ಟಿಯ ಗಂಟು ಬಿಚ್ಚುತ್ತಿದ್ದಳು. ಲಗಮಣ್ಣ ಬಂಡೆಗೆ ಬೆನ್ನು ಕೊಟ್ಟು ಕಾಲು ಚಾಚಿದ್ದ.

ಇಲ್ಲಿಂದ ಏಳಿರಿ, ಮದ್ದು ಹಾರುತ್ತದೆ ಎಂದ ಸಿದ್ದಾರೂಢ. ಲಗಮಣ್ಣ ಪಕ್ಕಕ್ಕೆ ಸರಿದು ಅವನಿಗೆ ಜಾಗ ಮಾಡಿದ.

"ಭೋಂಗಾ ಆಗಿಲ್ಲಲ್ಲೋ. ಕುಂದ್ರು, ರೊಟ್ಟಿ ತಿನ್ನು."

ಚಿರತೆ ಬಂದಿದೆ ಅಂದ. ಬಂದಿದ್ದರೆ ಕುರಿಗೆ ಮೊದಲು ಗೊತ್ತಾಗುತ್ತಿತ್ತು ಎಂದಳು ಸಾವಿತ್ರವ್ವ. ಖಾಣಿಯಲ್ಲಿ ಇವತ್ತು ಹೊತ್ತು ಬದಲಾಗಿದೆ ಅಂದ. ಬದಲಾದರೆ ಭೋಂಗಾಕ್ಕೆ ತಿಳಿಯದೆ ಇರುತ್ತದೆಯೇ ಎಂದು ಲಗಮಣ್ಣ ನಕ್ಕ. ಸಿದ್ದಾರೂಢ ಅವನ ರಟ್ಟೆ ಹಿಡಿದು ಎಳೆದ. ಮುದುಕ ಗುಡ್ಡದ ಕಲ್ಲಿಗಿಂತ ಗಟ್ಟಿ ಕೂತಿದ್ದ. ಒಂದು ಕುರಿ ತಲೆ ಎತ್ತಿ ಮುಗಿಲಿನ ಕಡೆ ಮೂಗು ಮಾಡಿತು, ಆಮೇಲೆ ಇನ್ನೊಂದು, ಆಮೇಲೆ ಎಲ್ಲವೂ. ಗಂಟೆಗಳ ಸದ್ದು ನಿಂತುಹೋಯಿತು.

"ಕಾಕಾ, ನನ್ನ ಮಾತ ನಂಬು."

"ನಿನ್ನ?" ಲಗಮಣ್ಣನ ದನಿಯಲ್ಲಿ ಸಿಟ್ಟಿರಲಿಲ್ಲ. ಮಗುವಿಗೆ ತಿಳಿಸಿ ಹೇಳುವ ಹಾಗೆ ಹೇಳಿದ. "ಅದು ಕಂಬ ಏರಿದಾಗಿಂದ ಒಂದ ಸುಳ್ಳ ಹೇಳಿಲ್ಲೋ ತಮ್ಮಾ. ನೀ ದಿನಾ ಹತ್ತ ಹೇಳ್ತಿ. ನಾ ಯಾರನ್ನ ನಂಬಲಿ, ನೀನ ಹೇಳು."

ಎರಡನೆಯ ಗುಡುಗು ಹತ್ತಿರದಲ್ಲೇ ಆಯಿತು. ಮೇಲಿನಿಂದ ಸಣ್ಣ ಹರಳುಗಳು ಉದುರಿ ರೊಟ್ಟಿಯ ಮೇಲೆ ಬಿದ್ದವು. ಸಾವಿತ್ರವ್ವ ಹರಳನ್ನು ನೋಡಲಿಲ್ಲ, ಸಿದ್ದಾರೂಢನ ಮುಖ ನೋಡುತ್ತಿದ್ದಳು. ಅಲ್ಲಿ ಅವಳಿಗೆ ಏನು ಕಂಡಿತೋ, ರೊಟ್ಟಿಯ ಮೇಲಿದ್ದ ಕೈ ಹಾಗೇ ನಿಂತಿತು.

"ಸಿದ್ಯಾ, ಖರೇ ಹೇಳು. ನೀ ಆಣಿ ಮಾಡಿದ್ದಿ."

ಸಿದ್ದಾರೂಢ ಮಂಡಿಯೂರಿದ. ಅವನ ಬಾಯಿಗೆ ಇನ್ನೊಂದು ಸುಳ್ಳು ಸಿಗಲಿಲ್ಲ.

"ಆಣಿ ಸುಳ್ಳ, ಕಾಕು. ಭೋಂಗಾ ಇವತ್ತ ಆಗೂದಿಲ್ಲ. ಅದಕ್ಕ ಇವತ್ತ ಗುರುವಾರ. ತಿಂಗಳಾ ತಪ್ಪ ಎಣಿಸಿದಾಂವ ನಾನ, ಅಪ್ಪ ರಾಶಿ ಅಳದಂಗ ಲಾಭದಿಂದ ಎಣಿಸೀನಿ. ಫೆಬ್ರುವರಿಯಾಗ ಸರಿ ಬಂದಿದ್ದು ನನ್ನ ಶಾಣ್ಯಾತನ ಅಲ್ಲ, ತಾನಾಗೇ ಹೊಂದಿತ್ತು. ನಾ ಒಂದ ದಿನಾನೂ ಬ್ಯಾರೆ ತಿಂಗಳ ಹಾಕಿ ನೋಡಿಲ್ಲ. ಮಿರಜದಾಗ ನಾ ಬಿಟ್ಟ ಬಂದಿಲ್ಲ, ಇದ ಲೆಕ್ಕದಾಗ ನಪಾಸ ಆಗೀನಿ. ನನಗ ಬರೂದಿಲ್ಲ, ಕಾಕು. ಬರ್ತದ ಅಂತ ಹೇಳಿದ್ದಷ್ಟ. ನಿಮ್ಮ ತಲಿ ಮ್ಯಾಲ ಮದ್ದದ, ಏಳ್ರಿ."

ಸಾವಿತ್ರವ್ವ ರೊಟ್ಟಿಯ ಗಂಟನ್ನು ಅಲ್ಲೇ ಬಿಟ್ಟು ಎದ್ದು, ಕೆಂಪು ಬಟ್ಟೆ ಆಡಿದಾಗಿನಂತೆ ಗಂಡನನ್ನು ಕೂಗಿದಳು; ಕುರಿ ದಿಬ್ಬ ಹತ್ತತೊಡಗಿದವು.